ಬ್ಯಾಟರಿ ಬಿಚ್ಚುವ ಮುನ್ನ

ಚಾರ್ಜರ್ ಕೆಟ್ಟಿದೆ ಎಂದು ಬರುವವರ ಚಾರ್ಜರ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಬಿಸಿಲಿನಲ್ಲಿ ಬೈಕಿನ ಡಬ್ಬಿಯೊಳಗೆ ಬೆಂದ ಡ್ರಿಲ್ ಬ್ಯಾಟರಿಯನ್ನು ನೇರವಾಗಿ ಚಾರ್ಜರಿಗೆ ಸಿಕ್ಕಿಸಿದರೆ ಅದು ಕೆಂಪು ದೀಪ ಮಿಟುಕಿಸುತ್ತಾ ಸುಮ್ಮನೆ ಕೂರುತ್ತದೆ. ಬ್ಯಾಟರಿ ತಣ್ಣಗಾಗಲಿ ಎಂದು ಕಾಯುತ್ತಿರುತ್ತದೆ, ಅಷ್ಟೇ. ನಾನು ಅಂಥ ಗಿರಾಕಿಯನ್ನು ಫ್ಯಾನಿನ ಕೆಳಗೆ ಕೂರಿಸಿ, ಬ್ಯಾಟರಿಯನ್ನೂ ಅವನ ಪಕ್ಕದಲ್ಲಿಟ್ಟು, ಅರ್ಧ ಗಂಟೆ ಬಿಟ್ಟು ಮತ್ತೆ ಸಿಕ್ಕಿಸಿ ತೋರಿಸುತ್ತಿದ್ದೆ. ದೀಪ ಮಿಟುಕಿಸುವುದನ್ನು ಬಿಟ್ಟು ನಿಂತು ಉರಿಯುತ್ತಿತ್ತು.

"ಏನ್ ಮಾಡಿದ್ರಿ ಮೇಡಂ?" ಎಂದು ಅವನು ಕೇಳುತ್ತಿದ್ದ.

"ಏನೂ ಮಾಡ್ಲಿಲ್ಲ. ನಿಮ್ಮಂಗೆ ಅದಕ್ಕೂ ಸೆಕೆ ಆಗಿತ್ತು."

ನನ್ನ ಹೆಸರು ನಾಗರತ್ನ. ಮನೆ ಆನೆಕೊಂಡದಲ್ಲಿ. ಮಂಡಿಪೇಟೆಯ ಒಂದು ಓಣಿಯಲ್ಲಿ, ಬೆಲ್ಲದ ಅಂಗಡಿಗೂ ಹಗ್ಗದ ಅಂಗಡಿಗೂ ನಡುವೆ ಇದ್ದ ಪವರ್ ಟೂಲ್ ರಿಪೇರಿ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಸೇರಿದ್ದು ಡ್ರಿಲ್, ಗ್ರೈಂಡರ್‌ಗಳ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ. ಹೆಂಗಸರ ಬೆರಳು ಸಣ್ಣ ತಂತಿಗೆ ಒಗ್ಗುತ್ತದೆ ಎಂಬುದು ಮಾಲೀಕರ ಲೆಕ್ಕಾಚಾರ. ಹೋಗಹೋಗುತ್ತಾ ವೈರಿಲ್ಲದ ಟೂಲ್‌ಗಳು ಬಂದವು, ತಂತಿ ಸುತ್ತುವುದು ಕಡಿಮೆಯಾಯಿತು, ನಾನು ಬ್ಯಾಟರಿಯವಳಾದೆ. ನಡುವೆ ಒಮ್ಮೆ ನನ್ನನ್ನು ಇನ್‌ಚಾರ್ಜ್ ಮಾಡಿದರು. ಅದರಿಂದ ಆದ ಬದಲಾವಣೆ ಎಂದರೆ ನನ್ನ ಸ್ಟೂಲಿನ ಬದಲು ಬೆನ್ನಿರುವ ಕುರ್ಚಿ ಬಂತು. ಆ ಸಂಗತಿ ಅಷ್ಟಕ್ಕೇ ಸಾಕು.

ನನಗೆ ಕೆಲಸ ಕಲಿಸಿದವರು ರುದ್ರಪ್ಪನವರು. ಹರಿಹರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದು ಬಂದವರು, ನಮ್ಮ ಅಂಗಡಿಯ ಹಿರಿಯ ಮೆಕ್ಯಾನಿಕ್. ಮಾತು ಕಡಿಮೆ. ಯಾವ ಮಷೀನನ್ನೂ ನೇರವಾಗಿ ಬಿಚ್ಚುತ್ತಿರಲಿಲ್ಲ. ಗಿರಾಕಿಯ ಕೈಗೇ ಕೊಟ್ಟು, "ನೀವು ಹೆಂಗೆ ಮಾಡ್ತೀರಿ, ಒಂದ್ಸಲ ಮಾಡಿ ತೋರಿಸ್ರಿ" ಎನ್ನುತ್ತಿದ್ದರು. ಅದಕ್ಕೆಂದೇ ಬೆಂಚಿನ ತುದಿಗೆ ಒಂದು ಬೇವಿನ ಹಲಗೆ ಕಟ್ಟಿಸಿದ್ದರು.

ಒಮ್ಮೆ ಒಬ್ಬ ನಲ್ಲಿ ಜೋಡಿಸುವವನು ಹೊಸ ಡ್ರಿಲ್ ತಂದ. ಅದಕ್ಕೆ ಶಕ್ತಿಯೇ ಇಲ್ಲ, ಹಲಗೆ ಸುಟ್ಟು ಹೊಗೆ ಬರುತ್ತದೆಯೇ ಹೊರತು ತೂತು ಬೀಳುವುದಿಲ್ಲ ಎಂದ. ರುದ್ರಪ್ಪನವರು ಮಾಡಿ ತೋರಿಸಲು ಹೇಳಿದರು. ಅವನು ಎದೆ ಕೊಟ್ಟು ಒತ್ತಿದ. ಡ್ರಿಲ್ ಉಲ್ಟಾ ತಿರುಗುತ್ತಿತ್ತು. ತಿರುಗುವ ದಿಕ್ಕು ಬದಲಿಸುವ ಬಟನ್ ಯಾವಾಗಲೋ ಅವನ ಕೈ ತಾಗಿ ಆ ಕಡೆ ಸರಿದಿತ್ತು. ನನಗೆ ನಗು ತಡೆಯಲಾಗಲಿಲ್ಲ. ರುದ್ರಪ್ಪನವರು ಡ್ರಿಲ್ ತೆಗೆದುಕೊಂಡು ಒಳಗೆ ಹೋಗಿ, ಐದು ನಿಮಿಷ ಸುಮ್ಮನೆ ನಿಂತು, ಬಟನ್ ಸರಿಸಿ ತಂದುಕೊಟ್ಟರು. "ಬಟನ್ ಒಳಗೆ ಧೂಳು ಹೋಗಿತ್ತು, ತೆಗೆದೀನಿ. ಈ ಬಟನ್ ಮೇಲೆ ಒಂದು ಕಣ್ಣಿರಲಿ" ಎಂದರು. ಅವನು ಖುಷಿಯಿಂದ ಹೋದ ಮೇಲೆ ನನ್ನ ಕಡೆ ತಿರುಗಿ, "ನಗಬಾರದಿತ್ತು. ಅವನು ಇನ್ನೊಂದು ಸಲ ಕೇಳಾಕೆ ಬರಬೇಕಲ್ಲ" ಎಂದರು. ಅಂದಿನಿಂದ ನಾನು ಗಿರಾಕಿಯ ಎದುರು ನಕ್ಕಿಲ್ಲ. ಬ್ಯಾಟರಿಯನ್ನು ತಂಪಾಗಿಡಬೇಕೆಂದು ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆಯ ಪಕ್ಕ ಇಟ್ಟು, ಒಳಗೆಲ್ಲ ನೀರಿನ ಪಸೆ ಮಾಡಿಕೊಂಡು ತಂದವರ ಎದುರೂ ನಗಲಿಲ್ಲ. ಅದು ಸುಲಭವಾಗಿರಲಿಲ್ಲ.

ಶುರುವಿನಲ್ಲಿ ಬಂದ ವೈರಿಲ್ಲದ ಡ್ರಿಲ್‌ಗಳ ಬ್ಯಾಟರಿ ನಿಕ್ಕಲ್‌ನದು. ತೂಕ ಹೆಚ್ಚು, ಸುಮ್ಮನಿಟ್ಟರೂ ಇಳಿಯುತ್ತಿತ್ತು. ಅದನ್ನು ಆಗಾಗ ಪೂರ್ತಿ ಖಾಲಿ ಮಾಡಿ ತುಂಬಿಸಿ ಎಂದು ನಾವೇ ಜನರಿಗೆ ಕಲಿಸಿದೆವು. ಆಮೇಲೆ ಲಿಥಿಯಂ ಬಂತು. ಅದಕ್ಕೆ ಪೂರ್ತಿ ಖಾಲಿಯಾಗುವುದೇ ಕೇಡು. ಈಗ ಅದೇ ಜನರಿಗೆ ಖಾಲಿ ಮಾಡಬೇಡಿ, ಬಹಳ ದಿನ ಇಡುವುದಾದರೆ ಅರ್ಧ ತುಂಬಿಸಿ ನೆರಳಲ್ಲಿಡಿ ಎಂದು ಹೇಳಬೇಕಾಯಿತು. ಕೆಲವರು ಬೇಸರಪಟ್ಟುಕೊಂಡರು. "ಹಿಂದಿನ ಸಲ ಒಂದು ಹೇಳಿದ್ರಿ, ಈಗ ಒಂದು ಹೇಳ್ತೀರಿ" ಎಂದು ಒಬ್ಬರು ಕೇಳಿದಾಗ, "ಹೌದ್ರಿ, ನಾವೂ ಈಗ ಕಲಿಯಾಕ್ಹತ್ತೀವಿ" ಎಂದೆ. ಆ ಉತ್ತರ ಅವರಿಗೆ ಹಿಡಿಸಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಭಯ ಹೊಸಬರಿಗೆ ಇರುತ್ತದೆ. ನಾನು ಕಂಡಂತೆ ಯಾರೂ ಓಡಿಹೋಗಲಿಲ್ಲ.

ನನಗೆ ಬಹಳ ಪ್ರಿಯವಾದ ಕೇಸು ನಂದಿಗುಡಿಯ ಬಸಮ್ಮನವರದು. ಅದು ಡ್ರಿಲ್ ಅಲ್ಲ, ಭತ್ತದ ಗದ್ದೆಗೆ ಔಷಧಿ ಹೊಡೆಯುವ, ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಪಂಪು. ಪ್ರತಿ ವರ್ಷ ಹಂಗಾಮು ಶುರುವಾಗುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಪ್ರತಿ ವರ್ಷ ಬ್ಯಾಟರಿ ಸತ್ತಿರುತ್ತಿತ್ತು. ಮೂರನೆಯ ವರ್ಷ ನಾನು ಹೊಸ ಬ್ಯಾಟರಿ ಹಾಕುವ ಮೊದಲು ಕೇಳಿದೆ.

"ಬಸಮ್ಮನವರೇ, ಔಷಧಿ ಹೊಡೆಯೋದು ಮುಗಿದ ಮ್ಯಾಲೆ ಇದನ್ನ ಎಲ್ಲಿ ಇಡ್ತೀರಿ?"

"ಅಟ್ಟದ ಮ್ಯಾಲೆ. ಚಂದಾಗಿ ತೊಳೆದು, ಒರೆಸಿ, ಚೀಲ ಸುತ್ತಿ ಇಡ್ತೀನ್ರಿ. ನನ್ನಷ್ಟು ಜ್ವಾಪಾನ ಯಾರೂ ಮಾಡಂಗಿಲ್ಲ."

"ಚಾರ್ಜ್ ಮಾಡಿ ಇಡ್ತೀರೇನು?"

"ಕೆಲಸಾನೇ ಇಲ್ಲ ಅಂದ್ಮ್ಯಾಲೆ ಚಾರ್ಜ್ ಯಾಕ್ರಿ?"

ರೋಗ ಅಲ್ಲಿತ್ತು. ಆ ಪಂಪಿನಲ್ಲಿರುವುದು ಸೀಸದ ಬ್ಯಾಟರಿ. ಖಾಲಿಯಾಗಿ ತಿಂಗಳುಗಟ್ಟಲೆ ಕೂತರೆ ಮತ್ತೆ ಏಳುವುದಿಲ್ಲ. ತುಂಬಿಸಿ ಇಡಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ ಎಂದೆ. ಅವರು ಸ್ವಲ್ಪ ಯೋಚಿಸಿ, "ತಿಂಗಳಿಗೊಂದು ಸಲ ಅಂದ್ರೆ ನೆನಪಿರಂಗಿಲ್ಲ. ಅಮಾಸಿಗೆ ಹಾಕ್ತೀನಿ" ಎಂದರು. ಮರುವರ್ಷ ಅವರು ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಸಂತೆಗೆ ಬಂದಾಗ ಒಮ್ಮೆ ಅಂಗಡಿಗೆ ಇಣುಕಿ, ಅದೇ ಬ್ಯಾಟರಿ ನಡೆಯುತ್ತಿದೆ ಎಂದು ಹೇಳಿ ಹೋದರು. ಆಮೇಲೆ ನಾನು ಪಂಪು ತಂದ ರೈತರಿಗೆಲ್ಲ ಅಮಾವಾಸ್ಯೆಯ ಲೆಕ್ಕವನ್ನೇ ಹೇಳತೊಡಗಿದೆ. ಕಂಪನಿಯ ಪುಸ್ತಕದಲ್ಲಿ ಬರೆದದ್ದಕ್ಕಿಂತ ಅದು ಚೆನ್ನಾಗಿ ತಲೆಗೆ ಹೋಗುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬರೆಯದೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಹರಿಹರದಲ್ಲಿ ಮೌನೇಶ ಎಂಬ ಬಡಗಿ ಇದ್ದಾರೆ. ಮನೆಯ ಹಿಂದೆ ತಗಡಿನ ಶೆಡ್ಡು, ಅದರಲ್ಲೇ ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಮಾಡುತ್ತಾರೆ. ಲಿಥಿಯಂ ಬ್ಯಾಟರಿಯ ಡ್ರಿಲ್ ಕೊಂಡ ನಮ್ಮ ಮೊದಲ ಗಿರಾಕಿಗಳಲ್ಲಿ ಒಬ್ಬರು. ಒಂದು ದಿನ ಅವರ ಬ್ಯಾಟರಿ ನಿಂತುಹೋಯಿತು. ಒಂದು ಗೃಹಪ್ರವೇಶದ ಬಾಗಿಲುಗಳು ಕೈಯಲ್ಲಿದ್ದವು. ಹೊಸ ಬ್ಯಾಟರಿ ಪಾರ್ಸೆಲ್‌ನಲ್ಲಿ ಬರಲು ಒಂದು ವಾರ ಬೇಕಿತ್ತು. "ನೀವೇ ಏನಾರ ಮಾಡಿಕೊಡ್ರಿ ಮೇಡಂ" ಎಂದು ಕೂತರು. ರುದ್ರಪ್ಪನವರು ಆವತ್ತು ನೆಂಟರ ಮದುವೆಗೆ ಹೋಗಿದ್ದರು.

ಅಂಥ ಬ್ಯಾಟರಿಯ ಒಳಗೆ ಬೆರಳಿನ ಗಾತ್ರದ ಹತ್ತು ಸೆಲ್‌ಗಳು ಇರುತ್ತವೆ, ಎರಡೆರಡರ ಐದು ಜೋಡಿ. ಬಿಚ್ಚಿ ಅಳೆದೆ. ಒಂದು ಜೋಡಿ ಸತ್ತಿತ್ತು, ನಾಲ್ಕು ಜೋಡಿ ಚೆನ್ನಾಗಿದ್ದವು. ನನ್ನ ಡಬ್ಬಿಯಲ್ಲಿ ಬೇರೆ ಯಾವುದೋ ಬ್ಯಾಟರಿಯಿಂದ ತೆಗೆದಿಟ್ಟ ಎರಡು ಸೆಲ್ ಇದ್ದವು, ಹಸಿರು ಹೊದಿಕೆಯವು. ಅವುಗಳ ವೋಲ್ಟೇಜ್ ನೋಡಿದೆ, ಉಳಿದವುಗಳಿಗೆ ಸರಿಹೊಂದಿತು. ಸರಿಹೊಂದಿತು ಎಂದರೆ ಮುಗಿಯಿತು ಎಂದುಕೊಂಡೆ. ಎಷ್ಟು ಹಳೆಯವು, ಒಳಗೆ ಎಷ್ಟು ಹಿಡಿಯುತ್ತವೆ ಎಂದು ನೋಡಲಿಲ್ಲ. ಎರಡು ಬಿಂದಿಗೆಗಳಲ್ಲಿ ನೀರಿನ ಮಟ್ಟ ಒಂದೇ ಇದ್ದ ಮಾತ್ರಕ್ಕೆ ಬಿಂದಿಗೆಗಳು ಒಂದೇ ಗಾತ್ರದವೆಂದು ನಂಬಿದ ಹಾಗೆ. ವೆಲ್ಡ್ ಮಾಡಿ, ಮುಚ್ಚಿ, ಬೇವಿನ ಹಲಗೆಯ ಮೇಲೆ ಓಡಿಸಿ ತೋರಿಸಿದೆ. ಮೌನೇಶ ಎರಡೂ ಕೈ ಮುಗಿದು ಹೋದರು. ಆ ಸಂಜೆ ನನಗೆ ನನ್ನ ಕೈಗಳ ಬಗ್ಗೆ ಹೆಮ್ಮೆ ಇತ್ತು.

ಇಪ್ಪತ್ತು ದಿನವಾಗಿರಬಹುದು. ಮೌನೇಶ ಮತ್ತೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಮರಳು, ಮರಳಿನ ಮೇಲೆ ಕರಗಿ ಮುದ್ದೆಯಾದ ಬ್ಯಾಟರಿ.

"ನಂದೇ ತಪ್ಪು ಮೇಡಂ" ಎಂದು ಅವರೇ ಶುರುಮಾಡಿದರು. "ಚಾರ್ಜಿಗೆ ಹಾಕಿ ಊಟಕ್ಕೆ ಹೋದೆ. ಅರ್ಧ ಉಂಡಿದ್ದೆ, ಪಟಾಕಿ ಹೊಡೆದಂಗೆ ಸಪ್ಪಳ ಬಂತು. ಓಡಿ ಬಂದು ನೋಡಿದ್ರೆ ಟೇಬಲ್ ಉರೀತಿತ್ತು. ಮುಗಿಸಿ ನಿಲ್ಲಿಸಿದ್ದ ಒಂದು ಸಾಗವಾನಿ ಬಾಗಿಲು ಹೋತು. ನನ್ನ ಹೆಂಡ್ತಿ ಸುಮಂಗಲ ಮರಳು ಸುರಿದು ಆರಿಸಿದ್ಲು. ಅಂಗೈ ಸುಟ್ಟುಕೊಂಡಾಳೆ."

ಬಕೆಟ್ಟನ್ನು ಅವರ ಕೈಯಿಂದ ತೆಗೆದುಕೊಂಡು ಕೆಳಗಿಟ್ಟೆ. "ಈಗ ಹೆಂಗದಾರೆ?"

"ಪಟ್ಟಿ ಕಟ್ಟ್ಯಾರೆ. ವಾಸಿ ಆಗತೈತೆ ಅಂದಾರೆ ಡಾಕ್ಟ್ರು. ಇದು ನಮಗೆ ಬ್ಯಾಡ್ರಿ ಇನ್ಮ್ಯಾಲೆ. ಒಂದು ವೈರಿನ ಡ್ರಿಲ್ ಕೊಡ್ರಿ ಸಾಕು. ಮನ್ಯಾಗ ಎಲ್ಲಾರೂ ನನಗ ಬೈಯಾಕ್ಹತ್ಯಾರೆ, ಬೈಯೋದೂ ಸರಿ ಐತೆ."

ವೈರಿನ ಡ್ರಿಲ್ ತೆಗೆದುಕೊಂಡು, ಸುಟ್ಟದ್ದನ್ನು ಹೇಗೆ ಬಿಸಾಡಬೇಕೋ ತಿಳಿಯದು ಎಂದು ನನ್ನ ಬಳಿಯೇ ಬಿಟ್ಟು ಹೋದರು. ನಾನು ಅದನ್ನು ಹಿತ್ತಲಿಗೆ ಒಯ್ದು ಬಿಡಿಸಿದೆ. ಎಂಟು ಸೆಲ್ ಬೆಂದಿದ್ದವು, ಆದರೆ ಸೀಳಿರಲಿಲ್ಲ. ಎರಡು ಬಾಯಿ ಬಿಟ್ಟಿದ್ದವು. ಆ ಎರಡರ ತಳದಲ್ಲಿ ಉಗುರಿನಷ್ಟು ಹಸಿರು ಹೊದಿಕೆ ಸುಡದೆ ಉಳಿದಿತ್ತು.

ಆದದ್ದು ಇಷ್ಟು. ನಾನು ಹಾಕಿದ ಜೋಡಿ ಉಳಿದವುಗಳಿಗಿಂತ ಕಡಿಮೆ ಹಿಡಿಯುತ್ತಿತ್ತು, ಬೇಗ ತುಂಬುತ್ತಿತ್ತು. ಆ ಮಾದರಿಯಲ್ಲಿ ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಕಾಯುವ ಸರ್ಕ್ಯೂಟ್ ಇರಲಿಲ್ಲ. ಚಾರ್ಜರ್ ಒಟ್ಟು ಲೆಕ್ಕ ನೋಡಿ ಇನ್ನೂ ತುಂಬಿಲ್ಲವೆಂದು ತಳ್ಳುತ್ತಲೇ ಇತ್ತು. ಪ್ರತಿ ಸಲ ಆ ಎರಡು ಸೆಲ್‌ಗಳು ಮಿತಿ ಮೀರಿ ತುಂಬಿ, ಒಂದು ದಿನ ಸೀಳಿದವು.

ಎರಡು ದಿನ ನಾನು ಯಾರಿಗೂ ಹೇಳಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಮೌನೇಶ ತಪ್ಪನ್ನು ತಾವೇ ಹೊತ್ತುಕೊಂಡು ಹೋಗಿದ್ದರು. ಕೆಲಸ ಮಾಡುವಾಗ ಅದು ಮರೆತಂತಾಗುತ್ತಿತ್ತು. ಅನ್ನ ಕಲಸಲು ಕೈ ಹಾಕಿದಾಗ ಸುಮಂಗಲರ ಅಂಗೈ ನೆನಪಾಗುತ್ತಿತ್ತು. ಮೂರನೆಯ ದಿನ ಆ ಸೆಲ್‌ಗಳನ್ನು ಕಾಗದದಲ್ಲಿ ಸುತ್ತಿ ರುದ್ರಪ್ಪನವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು. ವೆಲ್ಡಿನ ಚುಕ್ಕೆಗಳನ್ನು ಉಗುರಿನಿಂದ ಮುಟ್ಟಿದರು.

"ಇದು ನಿನ್ನ ಕೈ" ಎಂದರು.

"ಹೌದು ಸರ್."

"ಮೌನೇಶಗೆ ಹೇಳಿದೇನು?"

"ಇಲ್ಲ." ನಾಚಿಕೆಯಿಲ್ಲದೆ ಇನ್ನೊಂದು ಮಾತೂ ಆಡಿದೆ. "ಆವತ್ತು ಉಲ್ಟಾ ತಿರುಗೋ ಡ್ರಿಲ್ ತಂದವನಿಗೆ ನೀವೂ ಸುಳ್ಳು ಹೇಳಿದ್ರಲ್ಲ ಸರ್, ಧೂಳು ಐತೆ ಅಂತ."

ಅವರು ಕನ್ನಡಕ ತೆಗೆದರು. ಸಿಟ್ಟಾಗಲಿಲ್ಲ. "ಅದು ಅವನ ತಪ್ಪು ಮುಚ್ಚಾಕೆ ಹೇಳಿದ್ದು. ಇದು ನಮ್ಮ ತಪ್ಪು ಮುಚ್ಚಾಕೆ ಆಗತೈತೆ" ಎಂದರು. ಕಾಗದವನ್ನು ಮತ್ತೆ ಮಡಿಚಿ ನನ್ನ ಕೈಗೆ ಕೊಟ್ಟರು. "ನಾನು ಬೇಕಾದ್ರೆ ಜೊತಿಗೆ ಬರ್ತೀನಿ. ಆದ್ರೆ ಮಾತು ನೀನೇ ಆಡಬೇಕು."

ಒಬ್ಬಳೇ ಹೋಗುತ್ತೇನೆ ಎಂದೆ.

ಮಾರನೆಯ ದಿನ ಅಂಗಡಿಗೆ ರಜೆ. ಹನ್ನೆರಡರ ಹೊತ್ತಿಗೆ ಹರಿಹರದ ಬಸ್ಸಿನಿಂದ ಇಳಿದೆ. ಹಣ್ಣು ತೆಗೆದುಕೊಂಡು ಹೋಗಬೇಕೋ ಬೇಡವೋ ಎಂದು ನಿಲ್ದಾಣದಲ್ಲಿ ಬಹಳ ಹೊತ್ತು ನಿಂತೆ. ಹಣ್ಣು ಕೊಟ್ಟು ತಪ್ಪು ಹೇಳುವುದು ಸರಿಕಾಣದೆ ಬರಿಗೈಯಲ್ಲೇ ಹೋದೆ. ಮೌನೇಶ ಶೆಡ್ಡಿನಲ್ಲಿದ್ದರು. ಸುಮಂಗಲ ಹೊಸ್ತಿಲ ಹತ್ತಿರ ಕೂತು ಎಡಗೈಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಲಗೈಗೆ ಬಿಳಿ ಪಟ್ಟಿ.

"ಬರ್ರಿ ಮೇಡಂ, ಕೂಡ್ರಿ" ಎಂದು ಮೌನೇಶ ಸ್ಟೂಲ್ ತಂದರು.

ಕೂರಲಿಲ್ಲ. ಕಾಗದ ಬಿಡಿಸಿ ಸೆಲ್‌ಗಳನ್ನು ತೋರಿಸಿದೆ. ಯಾವುದು ಅವರದು, ಯಾವುದು ನಾನು ಹಾಕಿದ್ದು, ಯಾವುದು ಸೀಳಿದ್ದು, ಏನನ್ನು ನಾನು ನೋಡದೆ ಬಿಟ್ಟೆ, ಎಲ್ಲವನ್ನೂ ಹೇಳಿದೆ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಯಾವುವೂ ಬರಲಿಲ್ಲ. ಕೊನೆಗೆ, "ಬೆಂಕಿ ಹತ್ತಿದ್ದು ನನ್ನಿಂದ" ಎಂದೆ.

ಮೌನೇಶ ಸೆಲ್ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು. "ಹಂಗಾದ್ರೆ ನಾನು ಊಟಕ್ಕೆ ಹೋಗಿದ್ದು..."

"ಚಾರ್ಜಿಗೆ ಹಾಕಿ ಯಾರೂ ಇಲ್ಲದಂಗೆ ಬಿಡಬಾರದು, ಅದು ನಿಜ. ಆದ್ರೆ ನಾನು ಮುಟ್ಟದೇ ಇದ್ದಿದ್ರೆ ಅದು ಉರೀತಿರಲಿಲ್ಲ."

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದೇನು?" ಎಂದರು. ಗೆದ್ದವರ ದನಿಯಲ್ಲ ಅದು. ಬೆನ್ನ ಮೇಲಿನ ಮೂಟೆ ಇಳಿಸಿದವರ ದನಿ.

ಸುಮಂಗಲ ನನ್ನನ್ನೇ ನೋಡುತ್ತಿದ್ದರು. "ಅವತ್ತಿನಿಂದ ಇವರು ಮಧ್ಯಾಹ್ನ ನೆಟ್ಟಗೆ ಉಂಡಿಲ್ರಿ. ಶೆಡ್ಡಿನ ಕಡೆ ನೋಡಿಕೋತ ಎರಡು ತುತ್ತು ತಿಂದು ಎದ್ದು ಹೋಗ್ತಾರೆ. ನಾನೂ ಬೈದೆ. ಕೈ ಉರಿಯೋವಾಗ ಏನೇನೋ ಬೈದೆ." ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. "ನನಗ ನಿಮ್ಮ ಮ್ಯಾಲೆ ಸಿಟ್ಟು ಐತೆ. ಇಲ್ಲ ಅಂದ್ರೆ ಸುಳ್ಳಾಗತೈತೆ."

"ಇರಲಿ" ಎಂದೆ.

"ಇರತೈತೆ. ಊಟದ ಹೊತ್ತಾತು, ಕೂಡ್ರಿ."

ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಅವರ ಕೈಗೆ ಪಟ್ಟಿ ಇದ್ದುದರಿಂದ ನಾನೇ ಎದ್ದು ಬಡಿಸಿದೆ. ಎಲ್ಲಿ ಏನಿದೆ ಎಂದು ಅವರು ಕೂತಲ್ಲಿಂದಲೇ ಹೇಳಿದರು. ಮೌನೇಶ ಗೋಡೆಗೆ ಒರಗಿ ಕೂತು, ಶೆಡ್ಡಿನ ಕಡೆ ಒಂದು ಸಲವೂ ತಿರುಗದೆ ಮೂರು ರೊಟ್ಟಿ ತಿಂದು, ಆಮೇಲೆ ಅನ್ನವನ್ನೂ ಹಾಕಿಸಿಕೊಂಡರು.

ಅಂಗಡಿಯಿಂದ ಸಾಗವಾನಿ ಮರ ಕೊಡಿಸಿದೆವು, ಟೇಬಲ್ಲನ್ನೂ ಮಾಡಿಸಿಕೊಟ್ಟೆವು. ಸುಮಂಗಲರ ಕೈ ವಾಸಿಯಾಯಿತು, ಹೆಬ್ಬೆರಳಿನ ಬುಡದಲ್ಲಿ ಒಂದು ನುಣುಪು ಕಲೆ ಉಳಿಯಿತು. ಎಂಟು ತಿಂಗಳು ಮೌನೇಶ ನಮ್ಮ ಕಡೆ ಬರಲಿಲ್ಲ. ಆಮೇಲೆ ಒಂದು ದಿನ ಬೇರೆ ಕಡೆ ಕೊಂಡ ಇನ್ನೊಂದು ಬ್ಯಾಟರಿ ಡ್ರಿಲ್ ಹಿಡಿದು ಬಂದರು. ಹಲ್ಲುಚಕ್ರ ಸಪ್ಪಳ ಮಾಡುತ್ತಿತ್ತು. ಬಿಟ್ಟು ಹೋಗಿ, ನಾಳೆ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಎದುರಿಗೆ ಕೂತರು.

"ನಂಬಿಕೆ ಇಲ್ಲ ಅಂತಲ್ಲ ಮೇಡಂ..."

"ಇಲ್ಲ ಅಂತಾನೇ ಇಟ್ಕೊಳ್ರಿ. ಕೂತು ನೋಡ್ರಿ."

ಒಂದೊಂದು ಸ್ಕ್ರೂ ಬಿಚ್ಚುವಾಗಲೂ ಏನು ಮಾಡುತ್ತಿದ್ದೇನೆ ಎಂದು ಹೇಳುತ್ತಾ ಹೋದೆ. ಹಳೆಯ ಗ್ರೀಸಿಗೆ ಮರದ ಧೂಳು ಸೇರಿ ಕಲ್ಲಾಗಿತ್ತು. ಒರೆಸಿ, ಹೊಸದು ಹಾಕಿ, ಬ್ಯಾಟರಿ ಕೂರುವ ಜಾಗದ ತಗಡುಗಳನ್ನು ಒಣಬಟ್ಟೆಯಲ್ಲಿ ಉಜ್ಜಿ ಕೊಟ್ಟೆ. ಅಂದಿನಿಂದ ಅವರು ಬಂದಾಗಲೆಲ್ಲ ಎದುರಿಗೆ ಕೂರುತ್ತಿದ್ದರು. ಬರುಬರುತ್ತಾ ಅದು ಕಾವಲು ಹೋಗಿ ಹರಟೆಯಾಯಿತು.

ಆ ಘಟನೆಯಿಂದ ನಮ್ಮ ಕೆಲಸದ ರೀತಿ ಬದಲಾಯಿತು. ಹಳೆಯ ಸೆಲ್ ಕೂಡಿಡುವ ಡಬ್ಬಿಯನ್ನು ರುದ್ರಪ್ಪನವರು ಅದೇ ವಾರ ತೆಗೆಸಿದರು. ಒಂದು ಜೋಡಿ ಸತ್ತರೆ ಇಡೀ ಬ್ಯಾಟರಿಯನ್ನು ಬದಲಿಸುವುದು, ಬೆರಕೆ ಮಾಡುವುದಿಲ್ಲ ಎಂದಾಯಿತು. ಬಿದ್ದು ಸೀಳಿದ್ದು, ನೀರು ಕುಡಿದದ್ದು, ಉಬ್ಬಿದ್ದು ಬಂದರೆ ಮರಳಿನ ಡಬ್ಬಿಯಲ್ಲಿ ಹಿತ್ತಲಿಗೆ. ಅನುಮಾನವಿದ್ದ ಯಾವುದನ್ನೂ ನಮ್ಮ ಕಣ್ಣೆದುರು ಪೂರ್ತಿ ಚಾರ್ಜ್ ಮಾಡಿ, ಮುಟ್ಟಿ ಬಿಸಿ ನೋಡದೆ ಕೊಡುತ್ತಿರಲಿಲ್ಲ. ಚಾರ್ಜರ್ ತಿರಸ್ಕರಿಸಿದ ಬ್ಯಾಟರಿಗೆ ಬೇರೆ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸುವ ವಿದ್ಯೆಯನ್ನು ಈಗ ಮೊಬೈಲಿನಲ್ಲಿ ಎಲ್ಲರೂ ನೋಡಿರುತ್ತಾರೆ. ಒಬ್ಬ ಕಂಟ್ರ್ಯಾಕ್ಟರ್ ಅದನ್ನೇ ಮಾಡಿಕೊಡಿ ಎಂದು ಹಟ ಹಿಡಿದ. ಆಗುವುದಿಲ್ಲ ಎಂದೆ. "ನಿಮಗ ಬರಂಗಿಲ್ಲ ಅನ್ರಿ ಮತ್ತೆ" ಎಂದ. "ಹಂಗೇ ಅನ್ಕೊಳ್ರಿ" ಎಂದೆ. ಬೇರೆ ಕಡೆ ಹೋದ. ಅವನ ಬ್ಯಾಟರಿ ಏನಾಯಿತೋ ನನಗೆ ಗೊತ್ತಿಲ್ಲ. ಚೆನ್ನಾಗಿಯೇ ನಡೆದಿರಬಹುದು. ಆ ಮಾತಿಗೆ ನನಗೆ ಬೇಸರವಾಗಲಿಲ್ಲ, ಅದೇ ನನಗೆ ಆಶ್ಚರ್ಯವಾದದ್ದು. ಹತ್ತು ವರ್ಷ ಹಿಂದಾಗಿದ್ದರೆ ಬರುತ್ತದೆ ಎಂದು ತೋರಿಸಲಿಕ್ಕಾದರೂ ಬಿಚ್ಚುತ್ತಿದ್ದೆ.

ನಾನು ನಿವೃತ್ತಳಾಗಿ ಒಂದು ವರ್ಷವಾಯಿತು. ಕೊನೆಯ ದಿನ ಅಂಗಡಿಯವರು ಶಾಲು ಹೊದಿಸಿ ಒಂದು ಪೆಟ್ಟಿಗೆ ಕೊಟ್ಟರು. ಮನೆಗೆ ಬಂದು ತೆಗೆದರೆ ಒಂದು ಸಣ್ಣ ಡ್ರಿಲ್, ಎರಡು ಬ್ಯಾಟರಿ, ಒಂದು ಚಾರ್ಜರ್. ಅದನ್ನು ಕೈಯಲ್ಲಿ ಹಿಡಿದಾಗ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಎಷ್ಟೋ ಡ್ರಿಲ್‌ಗಳನ್ನು ಬಿಚ್ಚಿ ಜೋಡಿಸಿದ್ದೆ, ಬೇವಿನ ಹಲಗೆಯನ್ನು ಜರಡಿ ಮಾಡಿದ್ದೆ. ಆದರೆ ಬೇಕೆಂದು, ಉಪಯೋಗಕ್ಕೆಂದು ಒಂದು ತೂತನ್ನೂ ಹಾಕಿರಲಿಲ್ಲ. ನಮ್ಮ ಮನೆಯ ಗೋಡೆಯ ಮೊಳೆಗಳನ್ನೆಲ್ಲ ಹೊಡೆದವರು ನಮ್ಮ ಮನೆಯವರು.

ಅಡುಗೆಮನೆಯಲ್ಲಿ ಒಂದು ಹಲಗೆ ಕೂರಿಸಲು ಹೊರಟೆ. ನಾಲ್ಕು ತೂತು. ಗೋಡೆ ನಾನಂದುಕೊಂಡಂತೆ ಇರಲಿಲ್ಲ. ಒಂದು ಕಡೆ ಇಟ್ಟಿಗೆ ಮೆತ್ತಗೆ, ಒಂದು ಕಡೆ ಕಲ್ಲಿನಂತೆ. ತೂತು ಕೊರೆಯುವ ಬಿಟ್ ಜಾರಿತು, ಸುಣ್ಣ ಮುಖಕ್ಕೆ ಹಾರಿತು, ಒಂದು ತೂತು ಎರಡಾಯಿತು. ಮಷೀನನ್ನು ಎದೆಗೊತ್ತಿ ಹಿಡಿದ ಆ ಗಿರಾಕಿಗಳೆಲ್ಲ ಯಾಕೆ ಹಾಗೆ ಹಿಡಿಯುತ್ತಿದ್ದರು ಎಂದು ನನಗೆ ತಿಳಿದದ್ದು ಆವತ್ತು. ಒಂದು ಗಂಟೆ ಹಿಡಿಯಿತು. ಹಲಗೆ ಕೂತಿತು, ಬಲಗಡೆ ಒಂದು ಬೆರಳಿನಷ್ಟು ಇಳಿಜಾರಾಗಿ. ಬೇಳೆ ಡಬ್ಬಿಗಳನ್ನು ಸಾಲಾಗಿ ಇಟ್ಟೆ. ಜಾರಲಿಲ್ಲ.

ಪಕ್ಕದ ಮನೆಯ ಗಿರಿಜಮ್ಮ ಸಪ್ಪಳ ಕೇಳಿ ಬಂದು ಬಾಗಿಲಲ್ಲಿ ನಿಂತರು. ಹಲಗೆಯನ್ನು ನೋಡಿದರು, ಕತ್ತು ಸ್ವಲ್ಪ ಬಲಕ್ಕೆ ವಾಲಿಸಿ ಮತ್ತೆ ನೋಡಿದರು. ಸೊಟ್ಟವಾಗಿದೆ ಎನ್ನಲಿಲ್ಲ.

"ನೀವೇ ಹಾಕಿದ್ರೇನು?"

"ನಾನೇ."

"ನಮ್ಮ ದೇವರ ಮನೆಗೊಂದು ಹಿಂಗೇ ಆಗಬೇಕಿತ್ತು. ಇವರಿಗೆ ಹೇಳಿ ಹೇಳಿ ಸಾಕಾತು. ಒಂಚೂರು ಬಂದು ಹಾಕಿಕೊಡ್ತೀರೇನ್ರಿ?"

ಕೈಯ ಸುಣ್ಣ ತೊಳೆದುಕೊಂಡೆ. ಇನ್ನೊಂದು ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ನೋಡಿದೆ, ತಣ್ಣಗಿತ್ತು, ಪೂರ್ತಿ ಚಾರ್ಜ್ ಆಗಿತ್ತು. ಡ್ರಿಲ್ಲಿಗೆ ಸಿಕ್ಕಿಸಿಕೊಂಡು ಅವರ ಹಿಂದೆ ಹೊರಟೆ.